ಬೋರಣ್ಣನ ಕಣ್ಣು

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಚಿತ್ರಲಿಂಗಪ್ಪನವರು ಹಾಳಾದದ್ದು ಒಂದು ಕೆಟಲಿನಿಂದ. ಕುಡಿದು ಹಾಳಾದವರನ್ನು, ಇಸ್ಪೀಟಾಡಿ ಹಾಳಾದವರನ್ನು ನೀವು ಬೇಕಾದಷ್ಟು ನೋಡಿರಬಹುದು. ಕೆಟಲಿನಿಂದ ಹಾಳಾದವರು ಹೊಸದುರ್ಗ ತಾಲ್ಲೂಕಿಗೆಲ್ಲ ಇವರೊಬ್ಬರೇ.

ಆ ಕೆಟಲು ಶಾಲೆಯ ಬೀರುವಿನಲ್ಲಿರುತ್ತಿತ್ತು. ಮೂತಿ ಮುರಿದಿತ್ತು, ಮುಚ್ಚಳ ಯಾವ ಕಾಲದಲ್ಲೋ ಕಳೆದುಹೋಗಿತ್ತು. ಚಿತ್ರಲಿಂಗಪ್ಪನವರು ಅದನ್ನು ಮೇಜಿನ ಮೇಲಿಟ್ಟು, ಪಕ್ಕಕ್ಕೊಂದು ಮಾವಿನಕಾಯಿ ಇಟ್ಟು, ಊರಿನ ಒಂದು ತಲೆಮಾರಿಗೇ ಚಿತ್ರ ಬರೆಯಲು ಕಲಿಸಿದ್ದರು. ಮಾವಿನ ಕಾಲವಲ್ಲದಿದ್ದರೆ ಆಲೂಗಡ್ಡೆ. ಈಗಲೂ ಹೊಸದುರ್ಗದ ಯಾವ ವಕೀಲನ ಕೈಗೆ, ಯಾವ ಡಾಕ್ಟರನ ಕೈಗೆ ಪೆನ್ಸಿಲ್ ಕೊಟ್ಟರೂ ಮೂತಿ ಮುರಿದ ಕೆಟಲು ಬರೆದುಕೊಡುತ್ತಾನೆ.

ನಾನು ಅದೇ ಶಾಲೆಯ ಡ್ರಿಲ್ ಮೇಷ್ಟ್ರು, ಸಣ್ಣತಿಮ್ಮಪ್ಪ. ಅವರ ಮನೆಗೂ ನನ್ನ ಮನೆಗೂ ಮಧ್ಯೆ ಒಂದೇ ಗೋಡೆ. ಕಲೆಯ ವಿಷಯದಲ್ಲಿ ನಾನು ದಡ್ಡ, ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯ ನೆಟ್ಟಗೆ ನಿಂತಿದ್ದಾನೋ ವಾಲುತ್ತಿದ್ದಾನೋ ಅನ್ನುವುದನ್ನು ಮೈದಾನದ ಆ ತುದಿಯಿಂದಲೇ ಹೇಳಬಲ್ಲೆ. ಚಿತ್ರಲಿಂಗಪ್ಪನವರು ವಾಲತೊಡಗಿದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ನಾನೇ.

ಎಮರ್ಜೆನ್ಸಿ ಬರುವುದಕ್ಕೆ ಹಿಂದಿನ ವರ್ಷ ನಮ್ಮ ಶಾಲೆಗೆ ಡ್ರಾಯಿಂಗ್ ಇನ್‌ಸ್ಪೆಕ್ಟರು ಬಂದರು. ಖಾದಿ ಜುಬ್ಬ, ಹೆಗಲಿಗೆ ಚೀಲ, ಕುತ್ತಿಗೆಯವರೆಗೆ ಕೂದಲು. ಚಿತ್ರಲಿಂಗಪ್ಪನವರು ತಮ್ಮ ಕೈಯಾರೆ ಬರೆದ ಕೆಟಲುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಹರವಿದ್ದರು. ಇನ್‌ಸ್ಪೆಕ್ಟರು ಒಂದೊಂದನ್ನೂ ನೋಡಿ ನಿಟ್ಟುಸಿರುಬಿಟ್ಟರು.

"ಇದೆಲ್ಲ ಕಾಪಿ. ಕೆಟಲು ಕಾಪಿ, ಮಾವಿನಕಾಯಿ ಕಾಪಿ. ಇದರಲ್ಲಿ ನೀವು ಎಲ್ಲಿದ್ದೀರಿ ಮೇಷ್ಟ್ರೇ?"

ಚಿತ್ರಲಿಂಗಪ್ಪನವರು ಬಗ್ಗಿ ಹಾಳೆಯನ್ನು ನೋಡಿದರು. ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು, "ಇಲ್ಲಿ ಇದ್ದೀನಲ್ಲ ಸಾರ್, ರುಜು ಮಾಡಿದ್ದೀನಿ" ಅಂದರು.

"ರುಜು ಅಲ್ಲರೀ, ಶೈಲಿ! ನಿಮ್ಮದೇ ಶೈಲಿ! ಜನರ ಮಧ್ಯೆ ಹೋಗಿ. ದಿನಾ ಸ್ಕೆಚ್ ಪುಸ್ತಕ ತುಂಬಿಸಿ. ನೂರು ಮುಖ ನೋಡಿ, ಅವನ್ನೆಲ್ಲ ಅರೆದು, ಯಾರದೂ ಅಲ್ಲದ ಒಂದು ಮುಖ ಹುಟ್ಟಿಸಿ. ಅದನ್ನ ನೋಡಿದ ಕೂಡಲೇ ಜನ 'ಇದು ಚಿತ್ರಲಿಂಗಪ್ಪನ ಕೈ' ಅನ್ನಬೇಕು. ಬರುವ ವರ್ಷ ಚಿತ್ರದುರ್ಗದಲ್ಲಿ ಡ್ರಾಯಿಂಗ್ ಮೇಷ್ಟ್ರುಗಳ ಪ್ರದರ್ಶನ ಮಾಡ್ತೀವಿ. ಅಂಥದ್ದೊಂದು ಮುಖ ತೋರಿಸಿ, ಕೆಳಗೆ ನಿಮ್ಮ ಹೆಸರು ಬರೆಸಿ ನಾನೇ ನೇತುಹಾಕಿಸ್ತೀನಿ."

ಇಷ್ಟು ಹೇಳಿ ಅವರು ಟೀ ಕುಡಿದು ಬಸ್ಸು ಹತ್ತಿದರು. ಟೀ ತಂದುಕೊಟ್ಟದ್ದು ಬೇರೆ ಕೆಟಲಿನಲ್ಲಿ.

ಅಂದು ಸಂಜೆ ಗೋಡೆಯಾಚೆಯಿಂದ ಗಿರಿಯಮ್ಮನವರ ದನಿ ಕೇಳಿಸಿತು. ಗಿರಿಯಮ್ಮ ಅಂದರೆ ಚಿತ್ರಲಿಂಗಪ್ಪನವರ ಹೆಂಡತಿ.

"ಊಟಕ್ಕೆ ಬರ್ರಿ."

"ನಾನು ಎಲ್ಲಿದ್ದೀನಿ ಗಿರಿಯಮ್ಮ?"

"ಪಡಸಾಲ್ಯಾಗೆ ಇದ್ದೀರಿ. ಮುದ್ದೆ ಆರ್ತೈತೆ, ಎದ್ದು ಬರ್ರಿ."

"ಅದಲ್ಲ. ನಾನು, ನಾನು ಎಲ್ಲಿದ್ದೀನಿ?"

 ಆಮೇಲೆ ಗಿರಿಯಮ್ಮ ಗೋಡೆ ತಟ್ಟಿ, "ಡ್ರಿಲ್ ಮೇಷ್ಟ್ರೇ, ಈಟು ಬಂದೋಗ್ರಿ, ಯಾಕೋ ಇವರಿಗೆ ಪಿತ್ತ ನೆತ್ತಿಗೇರಿದಂಗೈತೆ" ಅಂದರು.

ಮುಂದಿನ ಸಂತೆಯ ದಿನ ಚಿತ್ರಲಿಂಗಪ್ಪನವರು ದಪ್ಪ ಹಾಳೆಗಳನ್ನು ಹೊಲಿದು ಮಾಡಿದ ಸ್ಕೆಚ್ ಪುಸ್ತಕ ಹಿಡಿದು ಹೊರಟರು. ಬಿಸಿಲಿನಲ್ಲಿ ಬಿದ್ದುಗಿದ್ದಾರು ಎಂದು ನಾನೂ ಹಿಂದೆ ಹೋದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಮನುಷ್ಯನ ಮುಖ ಬರೆಸುವುದು ಅವನು ಸತ್ತ ಮೇಲೆ. ಹಿರಿಯರು ಹೋದರೆ ಅವರ ಒಂದು ಹಳೇ ಫೋಟೋ ಹುಡುಕಿ, ಬೋರ್ಡು ಬರೆಯುವವನ ಹತ್ತಿರ ದೊಡ್ಡದಾಗಿ ಬರೆಸಿ, ಕಟ್ಟು ಹಾಕಿಸಿ, ಕುಂಕುಮ ಇಟ್ಟು ಗೋಡೆಗೆ ನೇತುಹಾಕುತ್ತೇವೆ. ಬದುಕಿರುವವನ ಮುಖ ಬರೆಯುವುದೆಂದರೆ ಅವನಿಗೆ ಚಟ್ಟ ಕಟ್ಟಿದ ಹಾಗೆ. ಇದು ಚಿತ್ರಲಿಂಗಪ್ಪನವರಿಗೂ ಗೊತ್ತು. ಅವರ ಅಪ್ಪನನ್ನೂ ಹಾಗೇ ಬರೆಸಿ ನೇತುಹಾಕಿದ್ದಾರೆ. ಆದರೆ ಶೈಲಿ ತಲೆಗೆ ಹತ್ತಿದವನಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ?

ಕುರಿ ಸಂತೆಯಲ್ಲಿ ಮಾಡದಕೆರೆಯ ಕಾಟಲಿಂಗಪ್ಪ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಅವನ ಟಗರು. ಚಿತ್ರಲಿಂಗಪ್ಪನವರು ಅವನೆದುರು ಕುಕ್ಕರಗಾಲಲ್ಲಿ ಕೂತರು.

"ಏನ್ ಮೇಷ್ಟ್ರೇ, ಟಗರು ಬೇಕಾ? ಹಲ್ಲು ನೋಡ್ರಿ, ಹೆಂಗವೆ."

"ಟಗರು ಬ್ಯಾಡ ಕಾಟಲಿಂಗಪ್ಪ. ನೀನು ಅಲ್ಲಾಡದಂಗೆ ಕುಂತ್ಕ, ಸಾಕು."

ಕಾಟಲಿಂಗಪ್ಪನಿಗೆ ಕಿವಿ ಮಂದ. ವ್ಯಾಪಾರವೇ ಇರಬೇಕೆಂದುಕೊಂಡು ಸುಮ್ಮನೆ ಕೂತ. ಮುಖ ಅರ್ಧ ಆಗಿತ್ತೋ ಇಲ್ಲವೋ, ಮಂಡಕ್ಕಿ ಮಾರುವ ಹುಚ್ಚಕ್ಕ ಹಿಂದಿನಿಂದ ಇಣುಕಿ ನೋಡಿದಳು. ಅವಳು ಕಾಟಲಿಂಗಪ್ಪನಿಗೆ ದೊಡ್ಡಪ್ಪನ ಮಗಳು.

"ಅಯ್ಯಯ್ಯೋ ನನ್ನ ಶಿವನೇ! ಬದುಕಿರೋ ನನ್ನ ತಮ್ಮನ್ನ ಬರೀತಾವ್ನಲ್ಲಪ್ಪೋ! ಯಾರಾದ್ರೂ ಬರ್ರೋ!"

ಹುಚ್ಚಕ್ಕನ ಗಂಟಲು ಬಾಗೂರಿಗೂ ಕೇಳುವಂಥದ್ದು. ಸಂತೆಗೆ ಸಂತೆಯೇ ಓಡಿಬಂತು. ಬಂದವರಲ್ಲಿ ಅರ್ಧ ಜನ ಕಾಟಲಿಂಗಪ್ಪ ಸತ್ತೇಹೋದನೆಂದು ತಿಳಿದು ಬಂದಿದ್ದರು. ಒಬ್ಬ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ಕಾಟಲಿಂಗಪ್ಪನನ್ನೇ ಹಿಡಿದು, "ಯಾವಾಗ ಮಣ್ಣು ಮಾಡ್ತೀರಪ್ಪ?" ಎಂದು ಕೇಳಿದ. ಅವನು, "ಈಗ್ಲೇ ಕೊಟ್ರೆ ಈಗ್ಲೇ" ಅಂದ. ಅವನಿನ್ನೂ ಟಗರಿನ ವ್ಯಾಪಾರದಲ್ಲೇ ಇದ್ದ.

ವಿಷಯ ತಿಳಿಸಿ ಹೇಳಿದ ಮೇಲೆ ಕಾಟಲಿಂಗಪ್ಪ ಆ ಹಾಳೆಯನ್ನು ಕಿತ್ತು, ಮುದುಡಿ, ಟಗರಿನ ಬಾಯಿಗೆ ಇಟ್ಟ. ಟಗರು ಅದನ್ನು ಅಗಿದು ನುಂಗಿತು. ಅಂದು ಸಂಜೆಯೇ ಆ ಟಗರು ಸತ್ತಿತು. ಅದನ್ನು ಕೊಂಡವರು ಬೀಗರ ಊಟಕ್ಕೆಂದು ಕೊಂಡಿದ್ದರು, ಅದು ಸಾಯಲೇಬೇಕಿತ್ತು. ಆದರೆ ಊರಲ್ಲಿ ಇದನ್ನೆಲ್ಲ ಯಾರು ವಿಚಾರಿಸುತ್ತಾರೆ? ಮೇಷ್ಟ್ರು ಬರೆದ ಚಿತ್ರ ತಿಂದ ಟಗರು ಹೊತ್ತು ಮುಳುಗುವುದರೊಳಗೆ ಸತ್ತಿತು ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ಹೊಳಲ್ಕೆರೆ ತಲುಪಿತು.

ಅಲ್ಲಿಂದ ಮುಂದೆ ಚಿತ್ರಲಿಂಗಪ್ಪನವರು ಬೀದಿಗೆ ಬಂದರೆ ಗಂಡಸರು ಟವೆಲ್ಲಿನಿಂದ, ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಹೋಟೆಲಿನವನು ಬೆನ್ನು ತಿರುಗಿಸಿಕೊಂಡೇ ಕಾಫಿ ಕೊಟ್ಟ. ನಮ್ಮ ಹೆಡ್‌ಮಾಸ್ಟರು ಇಂಗ್ಲಿಷ್ ಎಂ.ಎ. ಮಾಡಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಅವರು ಮಾತ್ರ ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಮಾತಾಡತೊಡಗಿದರು.

ಮನೆಗೆ ಬಂದದ್ದು ಒಬ್ಬಳೇ, ಹಿಂದಿನ ಬೀದಿಯ ಕಾಟಮ್ಮ. ಒಂದು ಚೊಂಬು ಗಟ್ಟಿ ಮೊಸರು ತಂದಿದ್ದಳು.

"ಮೇಷ್ಟ್ರೇ, ನಮ್ಮತ್ತೇದೊಂದು ಬರೀರಿ."

"ಅಯ್ಯೋ, ನಿಮ್ಮತ್ತೆ ಒಪ್ತಾರಾ?" ಚಿತ್ರಲಿಂಗಪ್ಪನವರ ಮುಖ ಅರಳಿತು.

"ಅವರಿಗ್ಯಾಕೆ ಹೇಳ್ತೀರಿ? ಬಾಗಿಲ ಸಂದ್ಯಾಗೆ ನೋಡ್ಕಂಡು ಬರೀರಿ. ಅವಸರ ಏನಿಲ್ಲ. ಹಬ್ಬದೊಳಗೆ ಆದ್ರೆ ಸಾಕು."

ಅವಳು ಹೋದ ಮೇಲೆ ಅವರು ಆ ಮೊಸರನ್ನು ಮುಟ್ಟಲಿಲ್ಲ. ಸಂಜೆ ಅವಳ ಅತ್ತೆ ಬಂದಳು. ಅವಳು ತುಪ್ಪ ತಂದಿದ್ದಳು, ಸೊಸೆಯದನ್ನು ಬರೆಸಲಿಕ್ಕೆ.

ಚಿತ್ರಲಿಂಗಪ್ಪನವರು ಊಟ ಬಿಟ್ಟರು. ಗೋಡೆಗೆ ಒರಗಿ, "ಡ್ರಿಲ್ ಮೇಷ್ಟ್ರೇ, ಒಂದು ಮುಖ. ಒಂದೇ ಒಂದು ಮುಖ ಮಾಡಿ ಅದರ ಕೆಳಗೆ ನನ್ನ ಹೆಸರು ನೋಡಿದ್ರೆ ಸಾಕಾಗಿತ್ತು. ಕೆಟಲು ಬರೆದೇ ಸಾಯೋದು ನನ್ನ ಹಣೇಲಿ ಬರೆದೈತೆ" ಅಂದರು. ಕಣ್ಣಲ್ಲಿ ನೀರಿತ್ತು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ, ಸಿಟ್ಟು ಬರುತ್ತದೆ.

"ಇಡೀ ಮುಖ ಯಾಕ್ರೀ ಕೇಳ್ತೀರಿ? ಒಬ್ಬೊಬ್ಬರ ಹತ್ರ ಒಂದೊಂದು ಚೂರು ಕೇಳ್ರಿ. ಚೂರಿಗೆ ಯಾರು ಸಾಯ್ತಾರೆ? ನನ್ನ ಮೀಸೆ ಬರಕಳ್ರಿ, ತಗಳ್ರಿ!" ಎಂದು ಎದುರಿಗೆ ಕೂತೆ. ನನ್ನ ಮೀಸೆ ತಾಲ್ಲೂಕಿನಲ್ಲೇ ಹೆಸರಾದದ್ದು. ಅದರ ಎರಡೂ ತುದಿ ಕಿವಿಯವರೆಗೂ ಹೋಗುತ್ತಿದ್ದವು. ಮೀಸೆ ಬರೆದ ಮೇಲೂ ನಾನು ಮೈದಾನದಲ್ಲಿ ಓಡಾಡುತ್ತಿರುವುದನ್ನು ನೋಡಿ ಜನರಿಗೆ ಸ್ವಲ್ಪ ಧೈರ್ಯ ಬಂತು.

ಶಾಲೆಯ ಜವಾನ ಓಬಯ್ಯ ಮೂಗು ಕೊಟ್ಟ. ನಶ್ಯ ಏರಿಸಿ ಏರಿಸಿ ಅದು ಬದನೆಕಾಯಿಯಷ್ಟು ಊದಿತ್ತು. "ಮೂಗು ಬರಕಳ್ರಿ ಸಾರ್, ಅದರ ಆಚೀಚೆ ಹೋಗಬ್ಯಾಡ್ರಿ. ಮನ್ಯಾಗೆ ಮಕ್ಕಳು ಸಣ್ಣವು" ಎಂದು ಉಳಿದ ಮುಖವನ್ನೆಲ್ಲ ಟೋಪಿಯಿಂದ ಮುಚ್ಚಿಕೊಂಡು ಕೂತ. ಹುಚ್ಚಕ್ಕನ ಬಾಯಲ್ಲಿ ಮುಂದಿನ ಹಲ್ಲು ನಾಲ್ಕು ಉಳಿದಿದ್ದವು, ನಾಲ್ಕೂ ನಾಲ್ಕು ದಿಕ್ಕಿಗೆ. "ಇವತ್ತೋ ನಾಳೆಯೋ ಬಿದ್ದೋಗೋವು. ಬರಕಳಪ್ಪ, ನನ್ನ ಗಂಟೇನೋಯ್ತು" ಅಂದಳು. ಕಾಟಲಿಂಗಪ್ಪನೂ ಬಂದು ರುಮಾಲು ಸರಿಸಿ, "ಕಿವಿ ಬರಕಳ್ರಿ. ಹೆಂಗೂ ಕೇಳಂಗಿಲ್ಲ" ಅಂದ. ಅವನ ಕಿವಿಗಳು ಗಾಳಿಗೆ ತೆರೆದ ಬಾಗಿಲಿನಂತೆ ಆಚೆಗೆ ಚಾಚಿದ್ದವು.

ಕಣ್ಣು ಮಾತ್ರ ಯಾರೂ ಕೊಡಲಿಲ್ಲ. ಕಣ್ಣು ಬರೆದರೆ ಜೀವವೇ ಅದರೊಳಗೆ ಹೋಗುತ್ತದೆ ಎಂದರು. ಕಡೆಗೆ ಕಾಟಲಿಂಗಪ್ಪನ ಹೊಸ ಟಗರಿನ ಕಣ್ಣನ್ನಾದರೂ ಬರೆಯುತ್ತೇನೆಂದು ಕೇಳಿದರೆ ಅವನು ಕೋಲೆತ್ತಿಕೊಂಡ.

ಆಗ ಚಿತ್ರಲಿಂಗಪ್ಪನವರು ಹೆಂಡತಿ ನೀರಿಗೆ ಹೋದ ಹೊತ್ತು ನೋಡಿ ಬಾಗಿಲು ಹಾಕಿಕೊಂಡು, ಕನ್ನಡಕ ತೆಗೆದು ಕನ್ನಡಿ ಮುಂದೆ ಕೂತು ತಮ್ಮ ಕಣ್ಣುಗಳನ್ನೇ ಬರೆದರು. ನಿದ್ದೆಗೆಟ್ಟು ಅವು ದುಂಡಗೆ ಈಚೆಗೆ ಬಂದಿದ್ದವು. ಗಿರಿಯಮ್ಮನಿಗೆ ಗೊತ್ತಾಗಿ, "ನನ್ನ ತಾಳಿ ಮ್ಯಾಲೆ ನಿಮಗೆ ಕರುಣೆ ಇಲ್ಲವಾ?" ಎಂದು ಕೊಡ ಕುಕ್ಕಿದ ಸದ್ದಿಗೆ ನಮ್ಮ ಕಡೆಯ ಗಡಿಯಾರ ಬಿದ್ದಿತು.

ಮುಖ ಮುಗಿದ ದಿನ ಚಿತ್ರಲಿಂಗಪ್ಪನವರು ಮೈದಾನಕ್ಕೇ ಬಂದು ಹಾಳೆ ಬಿಚ್ಚಿದರು. ನನ್ನ ಬಾಯಲ್ಲಿದ್ದ ಶಿಳ್ಳೆ ತನ್ನಷ್ಟಕ್ಕೆ ತಾನೇ ಊದಿತು. ಕಿವಿಯವರೆಗೆ ಮೀಸೆ, ಬದನೆಕಾಯಿ ಮೂಗು, ನಾಲ್ಕು ದಿಕ್ಕಿಗೆ ನಾಲ್ಕು ಹಲ್ಲು, ಬಾಗಿಲಿನಂಥ ಕಿವಿ. ಅವೆಲ್ಲದರ ಮಧ್ಯೆ ಆ ಎರಡು ಕಣ್ಣು. ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತಿದ್ದವು. ಸತ್ಯ ಹೇಳುತ್ತೇನೆ, ಅಂಥ ಮುಖವನ್ನು ನಾನು ಎಲ್ಲೂ ನೋಡಿರಲಿಲ್ಲ.

"ಇವನ ಹೆಸರು ಬೋರಣ್ಣ. ನಮ್ಮ ವಂಶದಾಗೆ, ನಿಮ್ಮ ವಂಶದಾಗೆ ಯಾರೂ ಬೋರಣ್ಣ ಇಲ್ಲ. ಸಾಯೋ ಭಯ ಯಾರಿಗೂ ಇಲ್ಲ" ಎಂದು ಚಿತ್ರಲಿಂಗಪ್ಪನವರು ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಆಮೇಲೆ ಸ್ಕೆಚ್ ಪುಸ್ತಕದ ಮೇಲೆ ಸ್ಕೆಚ್ ಪುಸ್ತಕ ತುಂಬಿದವು. ಬೋರಣ್ಣ ಬೀಡಿ ಸೇದುವುದು, ಬೋರಣ್ಣ ಕುರಿ ಹೊಡೆಯುವುದು, ಬೋರಣ್ಣ ಬಸ್ಸಿಗೆ ಓಡುವುದು, ಬೋರಣ್ಣ ನಗುವುದು, ಬೋರಣ್ಣ ಅಳುವುದು. ನಗುವುದು ಯಾವುದು ಅಳುವುದು ಯಾವುದು ಎಂದು ನಾನು ಕೇಳಲಿಲ್ಲ. ಆದರೆ ಇಷ್ಟು ವರ್ಷ ರಬ್ಬರು ಹಚ್ಚಿ ಹಚ್ಚಿ ಹಾಳೆ ಹರಿಯುತ್ತಿದ್ದ ಮನುಷ್ಯ ಈಗ ಒಂದೇ ಎಳೆತಕ್ಕೆ ಮೀಸೆ ಎಳೆಯುತ್ತಿದ್ದರು. ರಬ್ಬರು ಎಲ್ಲಿದೆಯೋ ಅವರಿಗೇ ಗೊತ್ತಿರಲಿಲ್ಲ. ನನಗೆ ಹೆಮ್ಮೆಯಾಯಿತು, ಮೀಸೆ ನನ್ನದಲ್ಲವೇ?

ಆಗ ನಮ್ಮ ಎದುರಿಗೆ ನಾಗಣ್ಣ ಮೇಸ್ತ್ರಿ ಒಂದು ಮನೆ ಕಟ್ಟುತ್ತಿದ್ದ. ಏನು ಗ್ರಹಚಾರವೋ, ಆ ಮನೆಯ ಮುಂದಿನ ಗೋಡೆ ಎತ್ತಿದ ಹಾಗೆ ಬೀಳುತ್ತಿತ್ತು. ಒಂದು ದಿನ ಅವನು ಬೀಡಿಗೆ ಬೆಂಕಿ ಕೇಳಲು ಬಂದವನು ಚಿತ್ರಲಿಂಗಪ್ಪನವರ ಪಡಸಾಲೆಯಲ್ಲಿ ಬೋರಣ್ಣನನ್ನು ಕಂಡು, ಬೀಡಿ ಬಾಯಿಂದ ಬಿದ್ದರೂ ತಿಳಿಯದೆ ನಿಂತುಬಿಟ್ಟ.

"ಇದನ್ನ ನನಗೆ ಕೊಡ್ರಿ ಸಾರ್."

ಚಿತ್ರಲಿಂಗಪ್ಪನವರು ಎದ್ದು ನಿಂತರು. ಅವರ ಚಿತ್ರವನ್ನು ಬೇಕು ಎಂದು ಕೇಳಿದವನು ಆ ತನಕ ಒಬ್ಬನೂ ಇರಲಿಲ್ಲ. ಅತ್ತೆ ಸೊಸೆಯರನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

"ನಾಗಣ್ಣ, ನಿನಗೆ ಇದರಾಗೆ ಏನು ಕಂಡಿತು? ನಿಜ ಹೇಳು."

"ನೋಡಿದ್ರೆ ಎದೆ ಝಲ್ ಅಂತೈತ್ರಿ."

"ಝಲ್ ಅಂತೈತಾ!" ಚಿತ್ರಲಿಂಗಪ್ಪನವರು ನನ್ನ ಕೈ ಹಿಡಿದು ಅದುಮಿದರು. "ಕೊಡ್ತೀನಿ ನಾಗಣ್ಣ. ಆದ್ರೆ ಮೂಲ್ಯಾಗೆ ಹಾಕಬಾರದು. ಬಂದೋರಿಗೆಲ್ಲ ಕಾಣಂಗೆ ಹಾಕಬೇಕು."

"ಕಾಣಲೇಬೇಕಲ್ರೀ! ಕಾಣದಿದ್ರೆ ಕೆಲಸ ಹೆಂಗಾಗ್ತೈತೆ? ನಾಳೆ ಬಂದು ನೋಡ್ರಿ."

ಮರುದಿನ ಚಿತ್ರಲಿಂಗಪ್ಪನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಹೆಡ್‌ಮಾಸ್ಟರನ್ನೂ ಸೇರಿಸಿ ಇಡೀ ಶಾಲೆಯ ಮೇಷ್ಟ್ರುಗಳನ್ನು ಕರೆದುಕೊಂಡು ಎದುರು ಮನೆಗೆ ಬಂದರು. ಕಟ್ಟಡದ ಮುಂದೆ ಒಂದು ಗಳ ನೆಟ್ಟಿತ್ತು. ಗಳದ ತುದಿಯಲ್ಲಿ ಹಳೇ ಪೊರಕೆ. ಅದರ ಕೆಳಗೆ ಹರಿದ ಎಡಗಾಲಿನ ಚಪ್ಪಲಿ. ಅದರ ಕೆಳಗೆ ಮೆಣಸಿನಕಾಯಿ, ನಿಂಬೆಹಣ್ಣು. ಇವುಗಳೆಲ್ಲದರ ಮಧ್ಯೆ ನಮ್ಮ ಬೋರಣ್ಣ ಬೀದಿಯನ್ನು ದುರುಗುಟ್ಟಿ ನೋಡುತ್ತಿದ್ದ. ದೃಷ್ಟಿಬೊಂಬೆ!

ಹೆಡ್‌ಮಾಸ್ಟರು ಹಾಜರಿ ಪುಸ್ತಕ ತಂದಿರಲಿಲ್ಲವಾಗಿ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ನಗು ಬೆರಳ ಸಂದಿನಿಂದ ಬರುತ್ತಿತ್ತು.

"ನಾಗಣ್ಣ! ಇದು ಕಲೆ ಕಣಯ್ಯ!" ಚಿತ್ರಲಿಂಗಪ್ಪನವರ ದನಿ ಸೀಳಿಹೋಯಿತು.

"ಅದಕ್ಕೇ ಹಾಕಿರೋದು ಸಾರ್! ಪ್ಯಾಟೆ ದೃಷ್ಟಿಬೊಂಬೆ ಏನೂ ಪ್ರಯೋಜನ ಇಲ್ಲ, ನೋಡಿದ್ರೆ ನಗು ಬರ್ತೈತೆ. ಇದರ ಕಣ್ಣು ನೋಡ್ರಿ, ಎಂಥಾ ಪಾಪಿ ದೃಷ್ಟಿಯಾದ್ರೂ ತಿರುಗಿ ಓಡ್ತೈತೆ."

ಮತ್ತೆ ಆ ಗೋಡೆ ಬೀಳಲಿಲ್ಲ. ನಾಗಣ್ಣ ಆ ಸಲ ಸಿಮೆಂಟು ಸರಿಯಾಗಿ ಹಾಕಿದ್ದ ಎಂದು ನನ್ನ ಅನುಮಾನ. ಆದರೆ ಹೆಸರು ಬಂದದ್ದು ಬೋರಣ್ಣನಿಗೆ. ಬೋರಣ್ಣನಿಗೂ ಅಲ್ಲ, ಆ ಹೆಸರು ಯಾರಿಗೆ ಗೊತ್ತಿತ್ತು? 'ಹೊಸದುರ್ಗದ ಬೊಂಬೆ' ಅಂದರು. ಮೇಸ್ತ್ರಿಗಳು ಅದನ್ನು ನೋಡಿ ಮಡಕೆಯ ಮೇಲೆ ಬರೆದರು. ಇಟ್ಟಿಗೆ ಗೂಡಿನವರು ಮೊರದ ಮೇಲೆ ಬರೆದರು. ಬಾಗೂರಿನ ಹೊಲಗಳಲ್ಲಿ ಎದ್ದು ನಿಂತಿತು. ಹಿರಿಯೂರಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವರ ಕೈಗೆ ಸಿಕ್ಕಿದ ಮೇಲಂತೂ ಕೇಳಬೇಡಿ, ಲಾರಿಯ ಹಿಂದೆ ಕೂತು ಊರೂರು ಸುತ್ತಿತು. ಕೈಯಿಂದ ಕೈಗೆ ಹೋಗಿ ನನ್ನ ಮೀಸೆ ಬೆಳೆಯಿತು, ಓಬಯ್ಯನ ಮೂಗು ಕೆಂಪಾಯಿತು. ಕಣ್ಣು ಮಾತ್ರ ಎಲ್ಲ ಕಡೆಯೂ ಅವೇ ಕಣ್ಣು.

ಹುಚ್ಚಕ್ಕ ಒಂದು ಲಾರಿಯ ಹಿಂದೆ ತನ್ನ ಹಲ್ಲುಗಳನ್ನು ಕಂಡು, ಮಂಡಕ್ಕಿ ಪುಟ್ಟಿ ಎಸೆದು, ಮೈಲಿಗಟ್ಟಲೆ ಬೈಯುತ್ತ ಅದರ ಹಿಂದೆ ಓಡಿದಳಂತೆ. ಅಂದಿನಿಂದ ಅವಳು ಬಾಯಿ ಮುಚ್ಚಿಕೊಂಡೇ ಮಂಡಕ್ಕಿ ಮಾರತೊಡಗಿದಳು, ಸಂತೆಗೇ ಒಂದು ಶಾಂತಿ ಬಂತು.

ಚಿತ್ರಲಿಂಗಪ್ಪನವರು ಕಂಡ ಕಂಡಲ್ಲಿ ನಿಂತು, "ಇದು ನಾನು ಬರೆದಿದ್ದು. ಇದರ ಹೆಸರು ಬೋರಣ್ಣ" ಎಂದು ಹೇಳುತ್ತಿದ್ದರು. ಜನ ಅಯ್ಯೋ ಪಾಪ ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ದೃಷ್ಟಿಬೊಂಬೆಯನ್ನು ಯಾರಾದರೂ ಬರೆದಿರುತ್ತಾರೆ ಎಂದು ನೀವಾದರೂ ಎಂದಾದರೂ ಯೋಚಿಸಿದ್ದೀರಾ?

"ಇರಲಿ ಬಿಡ್ರಿ, ಇನ್‌ಸ್ಪೆಕ್ಟರು ಬರ್ತಾರಲ್ಲ. ಕಲೆ ಗೊತ್ತಿರೋರು. ಅವರು ನೋಡಿದ್ರೆ ತಿಳೀತೈತೆ" ಎಂದು ಅವರೇ ಸಮಾಧಾನ ಮಾಡಿಕೊಂಡರು.

ಇನ್‌ಸ್ಪೆಕ್ಟರು ಬಂದರು. ದುರ್ಗದಿಂದ ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ಬಂದಿದ್ದರು. ಬಂದವರೇ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಬೆವರೊರೆಸಿಕೊಳ್ಳದೆ ಶುರುಮಾಡಿದರು.

"ಎಂಥ ಜಾನಪದ ರೀ ನಿಮ್ಮ ಸೀಮೆಯದು! ದಾರಿಯುದ್ದಕ್ಕೂ ನೋಡಿದೆ. ಒಂದೇ ಮುಖ! ಮನೆ ಮೇಲೆ, ಹೊಲದಲ್ಲಿ, ಲಾರಿ ಮೇಲೆ. ಚಂದ್ರವಳ್ಳಿಯಲ್ಲಿ ಅಗೆದರೆ ಮಣ್ಣಿನೊಳಗೂ ಇದೇ ಮುಖ ಸಿಕ್ಕೀತು. ಎಷ್ಟು ಸಾವಿರ ವರ್ಷದ್ದೋ ಏನೋ!"

ಚಿತ್ರಲಿಂಗಪ್ಪನವರು ಬೋರಣ್ಣನ ಸ್ಕೆಚ್ ಪುಸ್ತಕಗಳನ್ನೆಲ್ಲ ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದರು.  ಒಳಗೆ ಬಂದು ಎಲ್ಲಕ್ಕಿಂತ ದೊಡ್ಡದಾದ, ಬಣ್ಣ ಹಚ್ಚಿದ ಬೋರಣ್ಣನನ್ನು ಮೇಜಿನ ಮೇಲೆ ಬಿಚ್ಚಿದರು.

ಇನ್‌ಸ್ಪೆಕ್ಟರು ನೋಡಿದರು. ಅವರ ಮುಖ ಇಳಿದುಹೋಯಿತು.

"ಮತ್ತೆ ಕಾಪಿ."

"ಇಲ್ಲ ಸಾರ್! ಇದು ನಂದು ಸಾರ್! ಸಾಕ್ಷಿ ಐತೆ!"

ಸಾಕ್ಷಿಗಳನ್ನು ಅವರು ಮೊದಲೇ ಕರೆಸಿ ಹೊರಗೆ ಕೂರಿಸಿದ್ದರು. ಮೊದಲು ಓಬಯ್ಯ ಬಂದ. ಇಷ್ಟರಲ್ಲಿ ಊರ ಹುಡುಗರು ಅವನನ್ನು ಕಂಡರೆ ಬಾಯಲ್ಲೇ ಲಾರಿಯ ಹಾರ್ನ್ ಹೊಡೆದು ಓಡುತ್ತಿದ್ದರು. ಅವನು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು, "ನನ್ನ ಮೂಗಲ್ಲ ಸಾರ್. ನಮ್ಮ ವಂಶದಾಗೆ ಯಾರಿಗೂ ಇಂಥ ಮೂಗಿಲ್ಲ" ಎಂದು ಬೆಲ್ಲು ಹೊಡೆಯಲು ಹೋದ. ಹೊತ್ತಲ್ಲದ ಹೊತ್ತಿನಲ್ಲಿ ಬೆಲ್ಲು ಕೇಳಿ ಮಕ್ಕಳೆಲ್ಲ ಮನೆಗೆ ಓಡಿದರು. ಹುಚ್ಚಕ್ಕ ಬಾಯಿಯನ್ನೇ ತೆರೆಯಲಿಲ್ಲ. ಚಿತ್ರಲಿಂಗಪ್ಪನವರು ಕೈಮುಗಿದು, "ಅಕ್ಕಾ, ಒಂದೇ ಒಂದು ಸಲ ಹಲ್ಲು ತೋರ್ಸಕ್ಕ" ಎಂದು ಬೇಡಿದರೂ ತುಟಿ ಬಿಗಿದು ತಲೆಯಾಡಿಸಿದಳು. 

ಕಾಟಲಿಂಗಪ್ಪ ಒಬ್ಬನೇ ಸಂತೋಷದಿಂದ ರುಮಾಲು ತೆಗೆದ. ಇನ್‌ಸ್ಪೆಕ್ಟರು, "ಇದು ನಿನ್ನ ಕಿವಿಯೇನಪ್ಪ?" ಎಂದು ಕೇಳಿದರು.

"ಟಗರಿಗೆ ಹೊಟ್ಟು ಹಾಕ್ತೀನ್ರಿ, ಹುರುಳಿ ಹಾಕ್ತೀನಿ" ಅಂದ ಕಾಟಲಿಂಗಪ್ಪ.

ನನಗೆ ತಡೆಯಲಾಗಲಿಲ್ಲ. ಮುಂದೆ ಬಂದು ಅಟೆನ್ಶನ್‌ನಲ್ಲಿ ನಿಂತು, "ಮೀಸೆ ನನ್ನದು ಸಾರ್! ನನ್ನೆದುರಿಗೇ ಬರೆದದ್ದು!" ಎಂದು ಕೂಗಿದೆ. ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಚಿತ್ರ ನೋಡಿದರು, ಆನಂದದಿಂದ ಅವರ ಕಣ್ಣು ಹೊಳೆಯಿತು.

"ನೋಡಿದಿರಾ ಜಾನಪದದ ಶಕ್ತಿ! ಜನ ಇದನ್ನ ನೋಡಿ ಇದರ ಹಾಗೇ ಮೀಸೆ ಬಿಡ್ತಿದ್ದಾರೆ!"

ಮೂವತ್ತು ವರ್ಷ ಎಣ್ಣೆ ಹಚ್ಚಿ ಬೆಳೆಸಿದ ಮೀಸೆ ಸ್ವಾಮಿ ಅದು. 

ಚಿತ್ರಲಿಂಗಪ್ಪನವರು ಆಗ ಒಂದು ಕೆಲಸ ಮಾಡಿದರು. ಬೋರಣ್ಣನನ್ನು ಎತ್ತಿ ತಮ್ಮ ಕೆನ್ನೆಯ ಪಕ್ಕಕ್ಕೆ ಹಿಡಿದುಕೊಂಡರು. ಕನ್ನಡಕ ತೆಗೆದರು. ಕಣ್ಣುಗಳನ್ನು ಆದಷ್ಟೂ ಅಗಲಿಸಿ, "ಕಣ್ಣು ನೋಡ್ರಿ ಸಾರ್" ಅಂದರು. "ಹೋದ ಸಲ ನೀವು ಎಲ್ಲಿದ್ದೀರಿ ಅಂತ ಕೇಳಿದ್ರಿ. ಇಲ್ಲಿದ್ದೀನಿ ಸಾರ್. ಇವು ನನ್ನ ಕಣ್ಣು."

 ಎರಡು ಜೊತೆ ಕಣ್ಣು, ಎರಡೂ ಒಂದೇ. ಇನ್‌ಸ್ಪೆಕ್ಟರು ಕುರ್ಚಿಯ ತುದಿಗೆ ಬಂದು ಅದನ್ನೂ ಇದನ್ನೂ ನೋಡಿದರು. ನೋಡುತ್ತ ನೋಡುತ್ತ ಅವರ ಬಾಯಿ ತೆರೆಯಿತು. ಗೆದ್ದೆವು ಎಂದುಕೊಂಡೆ.

"ಅಯ್ಯೋ ಪಾಪ" ಅಂದರು ಇನ್‌ಸ್ಪೆಕ್ಟರು. "ಹೌದಲ್ರೀ. ಕಾಪಿ ಮಾಡಿ ಮಾಡಿ ನಿಮ್ಮ ಕಣ್ಣೂ ಹಾಗೇ ಆಗಿಬಿಟ್ಟಿದೆ."

ಚಿತ್ರಲಿಂಗಪ್ಪನವರು ಕನ್ನಡಕ ಹಾಕಿಕೊಂಡರು. ಅವರ ಕೈ ಕಿವಿ ಹುಡುಕಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಇನ್‌ಸ್ಪೆಕ್ಟರಿಗೂ ಕನಿಕರ ಬಂದಿರಬೇಕು, "ಬೇಜಾರು ಮಾಡ್ಕೋಬೇಡಿ, ಕಾಪಿ ಆದರೂ ಚೆನ್ನಾಗಿದೆ. ಪ್ರದರ್ಶನದಲ್ಲಿ ಇದಕ್ಕೆ ಒಂದು ಜಾಗ ಮಾಡ್ತೀನಿ" ಎಂದು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಆ 'ಜಾಗ' ಎನ್ನುವ ಒಂದು ಮಾತು ಹಿಡಿದುಕೊಂಡು ಚಿತ್ರಲಿಂಗಪ್ಪನವರು ಮತ್ತೆ ಊಟ ಮಾಡತೊಡಗಿದರು. ಪ್ರದರ್ಶನದ ದಿನ ಮತ್ತದೇ ಕೋಟು. "ಹೋಗಾಣ ಬರ್ರಿ ಡ್ರಿಲ್ ಮೇಷ್ಟ್ರೇ, ಹೆಸರು ಹಾಕಿದ್ರೂ ಹಾಕಿರಬಹುದು" ಅಂದರು. ದುರ್ಗದಲ್ಲಿ ಇಳಿದು ಒಳಗೆ ಹೋಗಿ ಒಂದೊಂದು ಗೋಡೆಯನ್ನೂ ಹುಡುಕಿದೆವು. ಹೊಳಲ್ಕೆರೆ ಮೇಷ್ಟ್ರ ಹೂಕುಂಡ ಇತ್ತು, ಕೆಳಗೆ ಹೆಸರಿತ್ತು. ಹಿರಿಯೂರು ಮೇಷ್ಟ್ರು ಬರೆದ ಕೆಟಲಿಗೆ ಮೊದಲ ಬಹುಮಾನ ಬಂದಿತ್ತು. ಅದರ ಹಿಡಿ ಎಡಗಡೆಗಿತ್ತು, ಅದು ಅವರ ಶೈಲಿಯಂತೆ. ಬೋರಣ್ಣ ಎಲ್ಲೂ ಇರಲಿಲ್ಲ.

ಹೊರಗೆ ಬಂದು ತಿರುಗಿ ನೋಡಿದರೆ ಬಾಗಿಲ ಮೇಲೆ, ಬೀದಿಗೆ ಮುಖ ಮಾಡಿ ಇದ್ದ. ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಹೊಸ ಪ್ರದರ್ಶನಕ್ಕೆ ಕೆಟ್ಟ ಕಣ್ಣು ಬೀಳದಿರಲಿ ಎಂದು.

ಚಿತ್ರಲಿಂಗಪ್ಪನವರು ಬಾಗಿಲಲ್ಲಿದ್ದ ಜವಾನನಿಗೆ ಬಹಳ ಮೆತ್ತಗೆ, "ಅದರ ಕೆಳಗೆ ಒಂದು ಹೆಸರು ಬರೀಬಹುದಾ?" ಎಂದು ಕೇಳಿದರು.

"ಬ್ಯಾಡ್ರಿ ಯಜಮಾನ್ರೇ! ಯಾರ ಹೆಸರು ಬರೀತೀರೋ ಅವರಿಗೇ ಎಲ್ಲ ದೃಷ್ಟಿನೂ ತಗಲ್ತೈತೆ. ಯಾಕೆ ಒಬ್ಬರ ಮನೆ ಹಾಳು ಮಾಡ್ತೀರಿ?"

ವಾಪಸು ಬಸ್ಸು ಹತ್ತಿದೆವು.  ಹೊಳಲ್ಕೆರೆಯ ದಾರಿಯಲ್ಲಿ ನಮ್ಮ ಬಸ್ಸಿನ ಮುಂದೆ ಒಂದು ಲಾರಿ ಸೇರಿಕೊಂಡಿತು. ಅದರ ಹಿಂದೆ ಬೋರಣ್ಣ. ಡ್ರೈವರು ಎಷ್ಟು ಹಾರ್ನ್ ಹೊಡೆದರೂ ಲಾರಿ ದಾರಿ ಬಿಡಲಿಲ್ಲ. ಚಿತ್ರಲಿಂಗಪ್ಪನವರು ಮುಂದಿನ ಸೀಟಿನಲ್ಲಿ ಕನ್ನಡಕ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಅದೂ ಇವರನ್ನೇ ನೋಡುತ್ತಿತ್ತು.

ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಅಳುವ ಕೂಸನ್ನು ಸಮಾಧಾನ ಮಾಡಿ ಮಾಡಿ ಸೋತಿದ್ದಳು. ಅವಳು ಲಾರಿಯನ್ನು ನೋಡಿದಳು. ಚಿತ್ರಲಿಂಗಪ್ಪನವರನ್ನು ನೋಡಿದಳು. ಮತ್ತೆ ಲಾರಿಯನ್ನು ನೋಡಿದಳು.

"ಅಣ್ಣಾ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಕಣ್ಣು ಥೇಟು ಅದರ ಕಣ್ಣಿನಂಗೇ ಅವೆ."

ಇಡೀ ಜಿಲ್ಲೆಯಲ್ಲಿ ಅದನ್ನು ತಾನಾಗಿ ಕಂಡುಹಿಡಿದವಳು ಅವಳೊಬ್ಬಳೇ. ಚಿತ್ರಲಿಂಗಪ್ಪನವರು ನಿಧಾನವಾಗಿ ಅವಳ ಕಡೆ ತಿರುಗಿದರು. 

"ಮಗೀಗೆ ದೃಷ್ಟಿ ತಾಕೈತೆ ಅಣ್ಣ, ಮುಂಜಾನಿಂದ ಒಂದೇ ಸಮ ಅಳ್ತೈತೆ. ನೀವು ಒಂದೀಟು ಇದನ್ನ ದುರುಗುಟ್ಟಿ ನೋಡ್ರಿ. ಪುಣ್ಯ ಬರ್ತೈತೆ."

ನಾನು ಬೈಯಲೆಂದು ಎದ್ದೆ. ಅವರು ನನ್ನ ಕೈ ಹಿಡಿದು ಕೂರಿಸಿದರು. ಕೂಸಿನ ಕಡೆ ಬಗ್ಗಿ ಕಣ್ಣು ಅಗಲಿಸಿ ನೋಡಿದರು. ಕೂಸು ಅಳು ನಿಲ್ಲಿಸಿ ಅವರನ್ನೇ ನೋಡಿತು. ಸ್ವಲ್ಪ ಹೊತ್ತಿಗೆ ಅದರ ರೆಪ್ಪೆ ಬಾಗಿ ನಿದ್ದೆ ಹೋಯಿತು. ಆಮೇಲೂ ಅವರು ನೋಡುತ್ತಲೇ ಇದ್ದರು. ಅವರ ಕಣ್ಣಿಂದ ನೀರು ಇಳಿದು ಕೋಟಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹೊಳಲ್ಕೆರೆ ಬಂತು. ಆ ಹೆಂಗಸು ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಇಳಿಯುವ ಮುಂಚೆ ತಿರುಗಿ, "ದೇವರಂಗೆ ಸಿಕ್ರಿ. ನಿಮ್ಮ ಹೆಸರೇನಣ್ಣ?" ಎಂದು ಕೇಳಿದಳು.

ಚಿತ್ರಲಿಂಗಪ್ಪನವರು ಕನ್ನಡಕ ಎತ್ತಿ ಹಾಕಿಕೊಂಡರು. ಆಮೇಲೆ, "ಬೋರಣ್ಣ" ಅಂದರು.